ತತ್ವಕ್ಕೆ ವಿಮೆ ಇಲ್ಲ

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಕ್ಲೈವ್ ಆರ್ಮರಾಡ್‌ಗೆ ಈಗ ಕನ್ನಡಿ ಬೇಕಾಗಿತ್ತು. ತನಗೆ ಚೆನ್ನಾಗಿ ಗೊತ್ತಿರುವ ಸಂಗತಿಯೊಂದನ್ನು ಪತ್ತೆ ಮಾಡಲು ಹೊರಟವನ ಮುಖ ಹೇಗಿರಬೇಕು? ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು, ಹುಬ್ಬುಗಳನ್ನು ತುಸು ಮೇಲೆತ್ತಿ, ‘ಹೌದೇ? ಇತ್ತೇ?’ ಎಂದು ಸದ್ದಿಲ್ಲದೆ ಕೇಳಿ ನೋಡಿದ. ಚೆನ್ನಾಗಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ.

ಕೆಳಗಿನಿಂದ ಹೆಂಡತಿ ಗ್ಲೆನಿಸ್ ಕೂಗಿದಳು. ಕೂಗುವುದಕ್ಕೆ ಮೊದಲು ಅವಳು ಎಳೆದುಕೊಂಡ ಉಸಿರಿನ ಸುಂಯ್ ಎಂಬ ಸದ್ದು ಮೆಟ್ಟಿಲು ಹತ್ತಿ ಬಂತು. ಮಾತು ಅದರ ಹಿಂದೆ ಬಂತು.

“ಕ್ಲೈವ್! ಮದುವೆಗೇನು ಹೊರಟಿಲ್ಲ ಕಣೋ, ಬ್ಯಾಂಕಿಗೆ. ಬಾ ಕೆಳಗೆ.”

“ಬಂದೆ ಗ್ಲೆನ್.”

ಅದು ಇತ್ತು. ಎಂಬತ್ತೆಂಟರಲ್ಲಿ ಈ ಮನೆ ಕೊಳ್ಳಲು ಸಾಲ ತೆಗೆದಾಗ ಗೃಹಸಾಲದ ಸೊಸೈಟಿಯವರು ಸಾಲದ ಬಾಲಕ್ಕೆ ಒಂದು ವಿಮೆಯನ್ನೂ ಕಟ್ಟಿದ್ದರು. ಸಾಲಗಾರ ಕಾಯಿಲೆ ಬಿದ್ದು ದುಡಿಯಲಾಗದಿದ್ದರೆ ಒಂದು ವರ್ಷದ ಮಟ್ಟಿಗೆ ಕಂತನ್ನು ವಿಮೆಯವರೇ ಕಟ್ಟುತ್ತಾರೆ. ಈ ವಿಮೆಯನ್ನು ಕೇಳಿದವರಿಗೆ, ಕೇಳದವರಿಗೆ, ಎಂದೂ ಉಪಯೋಗಕ್ಕೆ ಬಾರದವರಿಗೆ ಕೂಡ ದೇಶದ ಬ್ಯಾಂಕುಗಳೆಲ್ಲ ಮಾರಿದ್ದು ಆಮೇಲೆ ಬಯಲಾಗಿ, ಮೋಸ ಹೋದವರಿಗೆ ಹಣ ಮರಳಿಸಬೇಕೆಂದು ಆಜ್ಞೆಯಾಯಿತು. ಅಂದಿನಿಂದ ಇಡೀ ದೇಶ ತನ್ನ ಹಳೆಯ ಡ್ರಾಯರುಗಳನ್ನು ತಡಕುತ್ತಿತ್ತು. ಅರ್ಜಿ ಹಾಕಲು ಇವತ್ತು, ಆಗಸ್ಟ್ ಇಪ್ಪತ್ತೊಂಬತ್ತು, ಕೊನೆಯ ದಿನ. ಎರಡು ವರ್ಷದಿಂದ ‘ನಾಳೆ ಹೋದರಾಯಿತು’ ಎನ್ನುತ್ತಿದ್ದ ಕ್ಲೈವ್, ಇದೊಂದು ದಿನ ದಾಟಿದರೆ ಉಳಿದೆ ಎಂದುಕೊಂಡಿದ್ದ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಗ್ಲೆನಿಸ್, ತಟ್ಟೆಯಿಂದ ಕಣ್ಣೆತ್ತದೆ, ನಾಳೆ ಇಬ್ಬರೂ ಹೋಗೋಣ ಎಂದಳು.

ಅವಳಿಗೆ ಗೊತ್ತಾದರೆ ಏನಾಗುತ್ತದೆ ಎಂದು ಊಹಿಸಲು ಹೆಚ್ಚು ಬುದ್ಧಿ ಬೇಕಾಗಿರಲಿಲ್ಲ. ತೊಂಬತ್ತೆರಡರಲ್ಲಿ ಅವನು ಕೆಲಸ ಬಿಟ್ಟ. ಕಂತು ಕಟ್ಟಬೇಕಲ್ಲ, ಒಂದು ವರ್ಷ ಅಂತ ಅವಳು ಬ್ರೆಡ್ ಕಾರ್ಖಾನೆಗೆ ಸೇರಿದಳು. ಆ ಒಂದು ವರ್ಷ ಹತ್ತೊಂಬತ್ತು ವರ್ಷವಾಯಿತು. ಹಿಟ್ಟಿನ ದೂಳು ಅವಳ ಎದೆಯಲ್ಲಿ ಮನೆ ಮಾಡಿತು. ಈಗ ಹನ್ನೆರಡು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಾಳೆ. ಅವಳು ಹೋಗದೆ ಇರಬಹುದಿತ್ತು. ವಿಮೆಯನ್ನು ಕೇಳಬೇಕಾಗಿದ್ದವನು ಅವನು, ಅವನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎನ್ನುವುದು ಅವನಿಗೆ ಮತ್ತು ಡಾಕ್ಟರ್ ಥ್ವೇಟ್‌ಗೆ ಮಾತ್ರ ಗೊತ್ತಿತ್ತು. ಡಾಕ್ಟರು ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಗದ್ದದ ಹತ್ತಿರ ಕುಯ್ದುಕೊಂಡ. ಒಂದು ಚೂರು ಕಾಗದ ಅಂಟಿಸಿಕೊಂಡು ಕೆಳಗಿಳಿದ.

ಅಡುಗೆಮನೆಯ ಮೇಜಿನ ಮೇಲೆ ಟಾಫಿ ಡಬ್ಬ ಬಾಯಿ ತೆರೆದು ಕೂತಿತ್ತು. ಈ ಮನೆಯ ಕಾಗದಪತ್ರವೆಲ್ಲ ಅದರಲ್ಲಿ. ಗ್ಲೆನಿಸ್ ಒಂದು ಕೈಯಲ್ಲಿ ಟೋಸ್ಟ್ ಹಿಡಿದು ಇನ್ನೊಂದು ಕೈಯಲ್ಲಿ ಒಂದೊಂದನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದಳು.

“ಸಾಲದ ಪತ್ರ ಇದೆ. ಕಂತಿನ ಪುಸ್ತಕ ಇದೆ. ತೊಂಬತ್ತರಲ್ಲಿ ಬಾಯ್ಲರ್ ರಿಪೇರಿ ಮಾಡ್ಸಿದ ರಸೀದಿ ಕೂಡ ಇದೆ. ವಿಮೆದು ಮಾತ್ರ ಒಂದು ಚೂರೂ ಇಲ್ಲ.”

“ಇದ್ದಿದ್ರೆ ಅದರಲ್ಲೇ ಇರ್ತಿತ್ತು.”

“ಇರ್ತಿತ್ತು, ಅಲ್ವಾ?”

“ಇಲ್ಲ ಅಂದ್ಮೇಲೆ ಯಾಕೆ ಹೋಗೋದು? ಮಳೆ ಬರೋ ಹಾಗಿದೆ.”

“ಈ ಬರ್ನ್ಲೀ ಊರಲ್ಲಿ ಮಳೆ ಬರೋ ಹಾಗೆ ಇಲ್ಲದ ದಿನ ಯಾವ್ದಪ್ಪ?”

“ಬಸ್ಸಲ್ಲಿ ನಿನ್ನ ಉಸಿರು…”

“ನನ್ನ ಉಸಿರು ನಾನು ನೋಡ್ಕೋತೀನಿ. ನೀನು ಶೂ ಹಾಕ್ಕೋ.”

“ಬಂದ್ರೂ ಎಷ್ಟು ಬರತ್ತೆ ಗ್ಲೆನ್, ನಾಲ್ಕು ಕಾಸು.”

“ದುಡ್ಡು ಬಂದ್ರೆ ಬರ್ಲಿ, ಬರದೇ ಇದ್ರೆ ಹೋಗ್ಲಿ. ಇತ್ತೋ ಇಲ್ವೋ ಅಂತ ಗೊತ್ತಾಗ್ಬೇಕು ನನಗೆ.”

“ಯಾಕೆ?”

“ಯಾಕೆ ಅಂದ್ರೆ?” ಎಂದು ಅವಳು ಟೋಸ್ಟ್ ಕಚ್ಚಿದಳು. ಆಮೇಲೆ ಅದನ್ನು ಅಗಿಯುವುದೇ ದೊಡ್ಡ ಕೆಲಸವೆಂಬಂತೆ ಅಗಿಯುತ್ತ ಕೂತಳು.

ಡಬ್ಬದ ತಳದಿಂದ ಅವಳು ಕೊನೆಗೆ ತೆಗೆದದ್ದು ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಪತ್ರಿಕೆಯ ತುಣುಕು. ಹಳದಿಯಾಗಿತ್ತು. ‘ಇತಿಹಾಸದ ತರಗತಿ ಮುಚ್ಚಿದ್ದಕ್ಕೆ ಪ್ರತಿಭಟನೆ: ಉಪನ್ಯಾಸಕರ ರಾಜೀನಾಮೆ’. ಕೆಳಗೆ ನಲವತ್ತು ವರ್ಷದ ಕ್ಲೈವ್ ಆರ್ಮರಾಡ್, ಟೈ ಕಟ್ಟಿಕೊಂಡು, ಕ್ಯಾಮೆರಾದಿಂದ ಸ್ವಲ್ಪ ಆಚೆ ಎಲ್ಲೋ ನೋಡುತ್ತ ನಿಂತಿದ್ದ. ಗ್ಲೆನಿಸ್ ಅದನ್ನೂ ಕೈಚೀಲಕ್ಕೆ ಹಾಕಿಕೊಂಡಳು.

“ಅದ್ಯಾಕೆ?”

“ಕೆಲ್ಸ ಯಾವಾಗ ಹೋಯ್ತು ಅಂತ ಕೇಳ್ತಾರಂತೆ. ಸಾಕ್ಷಿ ಇರ್ಲಿ.”

ಗೇಟಿನ ಹತ್ತಿರ ಎದುರು ಮನೆಯ ಟ್ರೆವರ್ ಪಿಲ್ಲಿಂಗ್ ಕಸದ ತೊಟ್ಟಿ ಒಳಗೆ ಎಳೆಯುತ್ತಿದ್ದ. ನಿವೃತ್ತ ಬಸ್ ಚಾಲಕ. ಹೋದ ವರ್ಷ ಅವನಿಗೆ ಈ ವಿಮೆಯ ಪರಿಹಾರ ಬಂದು, ಮನೆಯ ಹಿಂದೆ ಗಾಜಿನ ಕೋಣೆ ಕಟ್ಟಿಸಿಕೊಂಡಿದ್ದ. ಬಿಸಿಲು ಬಂದಾಗ ಅದರಲ್ಲಿ ಕೂರಲು. ಹೆಚ್ಚಾಗಿ ಅವನು ಗೇಟಿನ ಹತ್ತಿರವೇ ಇರುತ್ತಿದ್ದ.

“ಏನ್ ಮೇಷ್ಟ್ರೇ, ಕೊನೇ ದಿನ ಎಚ್ಚರ ಆಯ್ತಾ?”

“ಸುಮ್ನೆ ವಿಚಾರಿಸೋಣ ಅಂತ.”

“ವಿಚಾರಿಸಿ, ವಿಚಾರಿಸಿ. ನನ್ನ ಕೇಸಲ್ಲಿ ನೋಡಿ, ಅಂಥದ್ದೊಂದು ವಿಮೆ ಇದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಂತ ಬರ್ಕೊಟ್ಟೆ, ದುಡ್ಡು ಕೊಟ್ರು. ನನ್ನ ದಡ್ಡತನಕ್ಕೆ ಯಾರಾದ್ರೂ ಸಂಬಳ ಕೊಟ್ಟಿದ್ದು ಇದೇ ಮೊದಲು!” ಟ್ರೆವರ್ ತೊಟ್ಟಿಯ ಮೇಲೆ ಬಡಿದು ನಕ್ಕ. “ನಿಮ್ಮಂಥ ಓದ್ಕೊಂಡೋರಿಗೆ ಕಷ್ಟ. ನೀವು ಗೊತ್ತಿರ್ಲಿಲ್ಲ ಅಂದ್ರೆ ಯಾರ್ ನಂಬ್ತಾರೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕ್ಲೈವ್‌ನ ಕೈ ಗದ್ದದ ಕಾಗದದ ಚೂರಿಗೆ ಹೋಯಿತು. ಅದು ಒಣಗಿ ಅಂಟಿಕೊಂಡಿತ್ತು.

“ನೀನು ಒಳಗೆ ಹೋಗು ಟ್ರೆವರ್, ನಿನ್ನ ಗಾಜಿನ ಅರಮನೆ ಬಿಕೋ ಅಂತಿದೆ,” ಎಂದಳು ಗ್ಲೆನಿಸ್.

ಬಸ್ಸು ಅರ್ಧ ಖಾಲಿ ಇತ್ತು. ಗ್ಲೆನಿಸ್ ಕಿಟಕಿಯ ಪಕ್ಕ ಕೂತು ನೀಲಿ ಬಣ್ಣದ ಇನ್ಹೇಲರ್ ಬಾಯಿಗಿಟ್ಟು ಎರಡು ಸಲ ಎಳೆದುಕೊಂಡಳು. ಕಾಲುವೆ ದಾಟಿ ಬಸ್ಸು ಬ್ರೆಡ್ ಕಾರ್ಖಾನೆಯ ಗೋಡೆಯ ಪಕ್ಕ ಬಂತು. ಬೇಯುತ್ತಿರುವ ಬ್ರೆಡ್ಡಿನ ವಾಸನೆ ಒಳಗೆ ತುಂಬಿಕೊಂಡಿತು. ಹಿಂದಿನ ಸೀಟಿನ ಹೆಂಗಸು “ಆಹಾ” ಎಂದಳು. ಗ್ಲೆನಿಸ್ ಗೋಡೆ ಮುಗಿಯುವ ತನಕ ಉಸಿರು ಹಿಡಿದುಕೊಂಡಿದ್ದಳು.

“ಇವತ್ತು ಬಿಳಿ ಬ್ರೆಡ್ಡು,” ಎಂದಳು ಆಮೇಲೆ.

ಕ್ಲೈವ್ ತಲೆಯಾಡಿಸಿದ. ಅವನಿಗೆ ವಾಸನೆಯಲ್ಲಿ ಬಿಳಿ, ಕಂದು ಎಂದು ತಿಳಿಯುತ್ತಿರಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ತಾಂತ್ರಿಕ ಕಾಲೇಜಿನಲ್ಲಿ ಅವನು ಗಂಟೆಯ ಲೆಕ್ಕದ ಮೇಷ್ಟ್ರು. ಪಾಠ ಮಾಡಿದ ದಿನ ಸಂಬಳ, ಮಾಡದ ದಿನ ಇಲ್ಲ. ಕೊಳಾಯಿ ಕೆಲಸ, ಗಾರೆ ಕೆಲಸ ಕಲಿಯಲು ಬಂದ ಹುಡುಗರಿಗೆ ವಾರಕ್ಕೆ ಎರಡು ಗಂಟೆ ಇತಿಹಾಸ ಹೇಳಬೇಕು; ನಾಗರಿಕರಾಗಲಿ ಎಂದು ಸರಕಾರದ ಆಸೆ. ತೊಂಬತ್ತೆರಡರ ಅಕ್ಟೋಬರಿನ ಒಂದು ಬೆಳಿಗ್ಗೆ ಅವನು ಹಾಜರಿ ಪುಸ್ತಕ ತೆರೆದ. ಮೊದಲ ಹೆಸರು ಕಾಣುತ್ತಿತ್ತು. ಬಾಯಿ ತೆರೆದ. ಹೆಸರು ಹೊರಗೆ ಬರಲಿಲ್ಲ. ಗಂಟಲಿಗೆ ಏನೂ ಆಗಿರಲಿಲ್ಲ, ನೋವಿರಲಿಲ್ಲ. ಹೆಸರಿಗೂ ತನಗೂ ನಡುವೆ ಇದ್ದ ಏನೋ ಒಂದು ಕಳಚಿಹೋಗಿತ್ತು. ಇಪ್ಪತ್ತೆರಡು ಹುಡುಗರು ಮೊದಲು ನಕ್ಕರು. ಆಮೇಲೆ ನಗುವುದು ನಿಂತಿತು. ಎಷ್ಟೋ ಹೊತ್ತಿನ ಮೇಲೆ ಮುಂದಿನ ಸಾಲಿನವನೊಬ್ಬ ತಾನಾಗಿಯೇ ತನ್ನ ಹೆಸರು ಹೇಳಿ, “ಹಾಜರ್ ಸರ್” ಎಂದ. ಪಕ್ಕದವನೂ ಹಾಗೆಯೇ ಎಂದ. ಒಬ್ಬರಾದ ಮೇಲೊಬ್ಬರಂತೆ ಇಪ್ಪತ್ತೆರಡು ಹುಡುಗರೂ ತಮ್ಮ ಹಾಜರಿ ತಾವೇ ಕೂಗಿಕೊಂಡರು. ಅವನು ಗುರುತು ಹಾಕುತ್ತ ಹೋದ. ಅವರ ಆ ಮರ್ಯಾದೆ ಅವನನ್ನು ಕೊಂದುಹಾಕಿತು. ಗೇಲಿ ಮಾಡಿದ್ದರೆ ಬದುಕಿಕೊಳ್ಳುತ್ತಿದ್ದನೋ ಏನೋ.

ಡಾಕ್ಟರ್ ಥ್ವೇಟ್ ಚೀಟಿಯಲ್ಲಿ ‘ತೀವ್ರ ಮಾನಸಿಕ ಕುಸಿತ, ದುಡಿಯಲು ಅಸಮರ್ಥ’ ಎಂದು ಬರೆದರು. ಕಾಲು ಮುರಿದಿದ್ದರೆ ಊರಿಗೆಲ್ಲ ತೋರಿಸಬಹುದಿತ್ತು. ಇದನ್ನು ಯಾರಿಗೆ ತೋರಿಸುವುದು? ಅವನ ಅಪ್ಪ ನಲವತ್ತು ವರ್ಷ ಗಣಿಯಲ್ಲಿ ಇಳಿದು ಹತ್ತಿದವನು; ಭಾನುವಾರ ಚಾಪೆಲ್ಲಿನಿಂದ ಬರುವಾಗ ಬೀದಿಯ ಒಂದು ಮನೆಯ ಮುಂದೆ ದನಿ ತಗ್ಗಿಸಿ, ‘ಅವನಿಗೆ ನರದ ತೊಂದರೆ’ ಎನ್ನುತ್ತಿದ್ದ. ಅಷ್ಟೇ. ಆ ಮನೆಯವರ ಹೆಸರು ಕೂಡ ಹೇಳುತ್ತಿರಲಿಲ್ಲ.

ರಜೆ ಕೇಳಲೆಂದು ಕಾಲೇಜಿಗೆ ಹೋದಾಗ ನೋಟೀಸ್ ಬೋರ್ಡಿನಲ್ಲಿ ಸಂಜೆಯ ಇತಿಹಾಸ ತರಗತಿಯನ್ನು ನಿಲ್ಲಿಸಿದ ಸುದ್ದಿ ಇತ್ತು. ಆ ತರಗತಿಗೆ ಬರುತ್ತಿದ್ದವರು ಆರು ಜನ ಮುದುಕರು. ಕ್ಲೈವ್‌ಗೆ ಅದರ ಬಗ್ಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಆದರೆ ಅಲ್ಲಿ ನಿಂತಿದ್ದಾಗ, ಒಂದು ತತ್ವ ತನಗಾಗಿಯೇ ಮೊಳೆಗೆ ತಗುಲಿಹಾಕಿದ ಕೋಟಿನ ಹಾಗೆ ಕಂಡಿತು. ಹಾಕಿಕೊಂಡ. ಅಂದು ಸಂಜೆಯೇ ರಾಜೀನಾಮೆ ಬರೆದ. ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ.

ಗ್ಲೆನಿಸ್ ಅವನ ಹಣೆಗೆ ಮುತ್ತಿಟ್ಟಿದ್ದಳು. ಮಾಂಸ, ಆಲೂಗಡ್ಡೆಯ ಪೈ ಮಾಡಿದ್ದಳು. “ನೀನು ತತ್ವ ನೋಡ್ಕೋ, ನಾನು ಕಂತು ನೋಡ್ಕೋತೀನಿ,” ಎಂದು ನಗುತ್ತ ಹೇಳಿ, ಮುಂದಿನ ಸೋಮವಾರ ಬೆಳಗಿನ ಪಾಳಿಗೆ ಹೋದಳು.

ಅವಳ ಎರಡು ವಾರದ ಕೆಮ್ಮು ಕೇಳಿದ ಮೇಲೆ, ಅವನು ಮೂಲೆಯ ಫೋನ್ ಪೆಟ್ಟಿಗೆಯಿಂದ ಸೊಸೈಟಿಗೆ ಫೋನ್ ಮಾಡಿದ್ದುಂಟು. ಪಿಸುಗುಟ್ಟಿ ವಿಮೆಯ ಫಾರಂ ಕೇಳಿದ್ದ. ಬಂತು. ‘ಕಾಯಿಲೆಯ ಸ್ವರೂಪ’ ಎಂದು ಮೊದಲ ಪುಟದಲ್ಲೇ ಇತ್ತು, ಅದರ ಮುಂದೆ ಮೂರು ಗೆರೆ ಜಾಗ. ಅದನ್ನು ತುಂಬಿದರೆ ಪತ್ರಿಕೆಯಲ್ಲಿ ಟೈ ಕಟ್ಟಿಕೊಂಡು ನಿಂತವನು ಯಾರು? ಫಾರಮ್ಮನ್ನೂ ಡಾಕ್ಟರ ಚೀಟಿಯನ್ನೂ ವಿಮೆಯ ಕಾಗದವನ್ನೂ ಸಣ್ಣಗೆ ಹರಿದು ಕಾಲುವೆಯ ಪಕ್ಕದ ಕಸದಬುಟ್ಟಿಗೆ ಹಾಕಿ ಬಂದ. ಆಮೇಲೆ ಏಳು ತಿಂಗಳು ಮನೆಯಲ್ಲೇ ಬಿದ್ದಿದ್ದ. ನೇಕಾರರ ಇತಿಹಾಸ ಬರೆಯುತ್ತಿದ್ದಾನೆ ಎಂದು ಗ್ಲೆನಿಸ್ ಎಲ್ಲರಿಗೂ ಹೇಳಿಕೊಂಡಳು.

ಅವನಿಗೆ ನಾಚಿಕೆಯಾಗುತ್ತಿತ್ತು. ಮೊದಲು ಕಾಯಿಲೆಯ ನಾಚಿಕೆ, ಆಮೇಲೆ ಸುಳ್ಳಿನ ನಾಚಿಕೆ. ಎರಡನೆಯದು ಮೊದಲನೆಯದನ್ನು ತಿಂದುಕೊಂಡು ಇಪ್ಪತ್ತೇಳು ವರ್ಷ ಬೆಳೆದಿತ್ತು. ಈಗ ಹೇಳಿಬಿಟ್ಟರೆ? ಬಸ್ಸಿನಲ್ಲೇ, ಪೇಟೆ ಬರುವುದರೊಳಗೆ?

“ಗ್ಲೆನ್.”

“ಏನೋ?”

“ಏನಿಲ್ಲ. ಮುಂದಿನ ಸ್ಟಾಪು ನಮ್ದು.”

“ನಲವತ್ತು ವರ್ಷದಿಂದ ಅಲ್ಲೇ ಇಳೀತಿದೀವಿ ಕ್ಲೈವ್.”

ಹಳೆಯ ಸೊಸೈಟಿಯನ್ನು ಒಂದು ಬ್ಯಾಂಕು ನುಂಗಿತ್ತು, ಆ ಬ್ಯಾಂಕನ್ನು ಇನ್ನೊಂದು. ಕಟ್ಟಡ ಮಾತ್ರ ಅದೇ. ಒಳಗೆ, ಕೊನೆಯ ದಿನವೆಂದು, ಒಂದು ಪ್ರತ್ಯೇಕ ಮೇಜು ಹಾಕಿ ಸಾಲು ಮಾಡಿದ್ದರು. ಪ್ಲಾಸ್ಟಿಕ್ ಚೀಲ, ಶೂ ಡಬ್ಬ, ಬಿಸ್ಕತ್ತಿನ ಡಬ್ಬಗಳನ್ನು ಎದೆಗವಚಿಕೊಂಡ ಮುದುಕರು. ಯಾರಿಗೂ ಅವಸರವಿರಲಿಲ್ಲ. ಒಬ್ಬಾತ ತನ್ನ ಸತ್ತ ಹೆಂಡತಿಯ ಹೆಸರಿನಲ್ಲಿ ವಿಮೆ ಇತ್ತೇ ಎಂದು ಕೇಳಲು ಬಂದಿದ್ದ. ಇಲ್ಲ ಎಂದು ಗೊತ್ತಾದ ಮೇಲೂ, ಮತ್ತೊಮ್ಮೆ ನೋಡಮ್ಮ, ಅವಳು ಜೋಪಾನದ ಹೆಂಗಸು, ಎನ್ನುತ್ತಿದ್ದ.

ಹತ್ತಿರ ಹೋದಂತೆ ಕ್ಲೈವ್‌ಗೆ ಒಂದು ಆಸೆ ಹುಟ್ಟಿತು. ಹಳೆಯ ಕಾಗದಗಳು ಕಳೆದುಹೋಗಿರಬಹುದು. ನೆಲಮಾಳಿಗೆಗೆ ನೀರು ನುಗ್ಗಿರಬಹುದು. ಇಲಿಗಳಾದರೂ ತಿಂದಿರಬಹುದು. ದೇವರನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಅವನು ಇಲಿಗಳನ್ನು ಬೇಡಿಕೊಂಡ.

ಮೇಜಿನ ಹಿಂದೆ ಇದ್ದ ಹುಡುಗಿಯ ಎದೆಯ ಮೇಲಿನ ಬಿಲ್ಲೆಯಲ್ಲಿ ನುಸ್ರತ್ ಎಂದು ಬರೆದಿತ್ತು. ಅವಳು ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಕೇಳಿ ಬೆರಳಾಡಿಸಿದಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ನಿಂತಿತು.

“ಇದೆ!” ಎಂದಳು, ತನಗೇ ಬಹುಮಾನ ಬಂದ ಹಾಗೆ. “ವಿಮೆ ಇತ್ತು ಸರ್. ಎಂಬತ್ತೆಂಟರಿಂದ.”

ಕ್ಲೈವ್ ಹುಬ್ಬೆತ್ತಿದ. “ಹೌದೇ? ಇತ್ತೇ?” ಈ ಸಲ ಬಹಳ ಚೆನ್ನಾಗಿ ಬಂತು.

ಗ್ಲೆನಿಸ್ ಕೈಚೀಲದ ಹಿಡಿಯನ್ನು ಒಮ್ಮೆ ಬಿಗಿಹಿಡಿದು ಬಿಟ್ಟಳು.

“ಇತ್ತು,” ಎಂದಳು.

“ಇದು ಇದೆ ಅಂತ ಆಗ ಗೊತ್ತಿತ್ತಾ ಮೇಡಂ?”

“ನನಗೆ ಗೊತ್ತಿರ್ಲಿಲ್ಲ ತಾಯಿ.”

“ಸರ್‌ಗೆ?”

“ನೆನಪಿಲ್ಲ,” ಎಂದ ಕ್ಲೈವ್.

“ಪರವಾಗಿಲ್ಲ, ಎಲ್ರೂ ಹಂಗೇ ಅಂತಾರೆ. ಆ ಟೈಮಲ್ಲಿ ಕೆಲ್ಸ ಏನಾದ್ರೂ ಹೋಗಿತ್ತಾ?”

ಗ್ಲೆನಿಸ್ ಪ್ಲಾಸ್ಟಿಕ್ ಹಾಳೆಯನ್ನು ಮೇಜಿನ ಮೇಲಿಟ್ಟಳು. ನುಸ್ರತ್ ಓದಿದಳು. ಓದುತ್ತ ಓದುತ್ತ ಅವಳ ಬಾಯಿ ತೆರೆದುಕೊಂಡಿತು.

“ಅಯ್ಯೋ! ಆ ಮೇಷ್ಟ್ರು ನೀವೇನಾ? ಕಾಲೇಜಿನವರ ಮುಂದೆ ತಿರುಗಿಬಿದ್ದೋರು? ಮೇಡಂ, ನೀವು ಬ್ರೆಡ್ ಫ್ಯಾಕ್ಟರಿ ಗ್ಲೆನಿಸಾ? ನಾನು ಪರ್ವೀನ್ ಮಗಳು!”

“ಬನ್ನಿನ ಲೈನಿನ ಪರ್ವೀನಾ? ನಿನ್ನನ್ನ ಹೊಟ್ಟೇಲಿ ಇಟ್ಕೊಂಡು ಟ್ರೇ ಎತ್ತೋಳಲ್ಲೇ!”

“ಅವಳೇ! ನೀವು ಲೈನಲ್ಲಿ ಈ ಕತೆ ಹೇಳ್ತಿದ್ರಂತಲ್ಲ. ನಮ್ಮಮ್ಮ ಈಗ್ಲೂ ಹೇಳ್ತಾಳೆ. ನಾನು ಹಿಂದಿನ ಕೆಲ್ಸ ಬಿಡ್ತೀನಿ ಅಂದಾಗ, ಬಿಡೋದಾದ್ರೆ ಗ್ಲೆನಿಸ್ ಗಂಡನ ಹಂಗೆ ಬಿಡು, ತಲೆ ಎತ್ಕೊಂಡು ಬಿಡು ಅಂದ್ಲು.”

“ಹೇಗಿದಾಳೆ ಪರ್ವೀನ್?”

“ಹಿಟ್ಟಿನ ದೂಳು,” ಎಂದಳು ನುಸ್ರತ್. “ಮನೇಲಿ ಆಕ್ಸಿಜನ್ ಸಿಲಿಂಡರ್ ಇಟ್ಟಿದೀವಿ.”

“ಹೂಂ,” ಎಂದಳು ಗ್ಲೆನಿಸ್.

ಗ್ಲೆನಿಸ್‌ಳ ಎದೆಯ ಸುಂಯ್ ಸದ್ದು ಮೇಜಿನ ಆಚೆಗೂ ಕೇಳುತ್ತಿತ್ತು. ಕ್ಲೈವ್ ತನ್ನ ಕೈಗಳನ್ನು ನೋಡಿಕೊಂಡ. ಈ ಊರಿನಲ್ಲಿ ತಾನು ಒಂದು ನೀತಿಕತೆಯಾಗಿ ಓಡಾಡುತ್ತಿದ್ದೆನೆಂದು, ಟ್ರೇ ಎತ್ತುತ್ತ ಹೆಂಗಸರು ತನ್ನ ಕತೆಯನ್ನು ಮಕ್ಕಳಿಗಾಗಿ ಮನೆಗೆ ಕಟ್ಟಿಕೊಂಡು ಒಯ್ದಿದ್ದರೆಂದು, ಅವನಿಗೆ ಗೊತ್ತೇ ಇರಲಿಲ್ಲ.

“ತಾಳಿ, ಇನ್ನೊಂದು ಹಾಳೆ ಇದೆ,” ಎಂದು ನುಸ್ರತ್ ಪರದೆಗೆ ಬಗ್ಗಿದಳು. “ಹಳೇ ಫೈಲೆಲ್ಲ ಫೋಟೋ ತೆಗೆದು ಹಾಕಿದಾರೆ. ತೊಂಬತ್ತೆರಡು, ನವೆಂಬರ್ ನಾಲ್ಕು. ‘ಶ್ರೀ ಆರ್ಮರಾಡ್ ಅವರು ಫೋನಿನಲ್ಲಿ ಕೇಳಿದ ಮೇರೆಗೆ ಪರಿಹಾರದ ಫಾರಂ ಕಳಿಸಲಾಗಿದೆ. ವಿಭಾಗ: ಅನಾರೋಗ್ಯ. ಫಾರಂ ಹಿಂದಿರುಗಿಲ್ಲ.’”

ಅವಳು ತಲೆಯೆತ್ತಿದಳು. ಅವಳ ಮುಖದಲ್ಲಿದ್ದ ಪರ್ವೀನಳ ಮಗಳು ಹೋಗಿ ಬ್ಯಾಂಕಿನವಳು ಬಂದಿದ್ದಳು.

“ಸರ್, ನೀವು ಆಗ ಕಾಯಿಲೆ ಬಿದ್ದಿದ್ರಾ?”

ಪ್ರಶ್ನೆ ಎಷ್ಟು ಚಿಕ್ಕದಾಗಿತ್ತು. ಇಪ್ಪತ್ತೇಳು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ಯಾಕೆ ಕೇಳ್ತಿದೀನಿ ಅಂದ್ರೆ, ಕಾಯಿಲೆ ಇತ್ತು ಅಂದ್ರೆ ಈ ವಿಮೆ ನಿಮಗೆ ಉಪಯೋಗಕ್ಕೆ ಬರ್ತಿತ್ತು, ನೀವೇ ಕೇಳ್ಲಿಲ್ಲ ಅಂತ ಆಗತ್ತೆ. ಆಗ ಈ ಅರ್ಜಿ ನಿಲ್ಲೋದು ಕಷ್ಟ. ನೀವೇ ಇಷ್ಟಪಟ್ಟು ಕೆಲ್ಸ ಬಿಟ್ಟಿದ್ರೆ ಮಾತ್ರ ಈ ವಿಮೆಯಿಂದ ಒಂದು ಕಾಸೂ ಬರ್ತಿರ್ಲಿಲ್ಲ. ಉಪಯೋಗ ಇಲ್ಲದ್ದನ್ನ ಮಾರಿದಾರೆ, ದುಡ್ಡು ವಾಪಸ್ ಕೊಡ್ಬೇಕು.”

ಅಂದರೆ ನಿಜಕ್ಕೆ ಬೆಲೆ ಇರಲಿಲ್ಲ, ಸುಳ್ಳಿಗೆ ಇತ್ತು. ಬಡ್ಡಿ ಸಮೇತ. ಕ್ಲೈವ್‌ಗೆ ನಗು ಬರುವ ಹಾಗಾಯಿತು. ಹೇಳಿಬಿಡಬೇಕು, ಈಗ, ಈ ಹುಡುಗಿಯ ಎದುರಿಗೆ. ಬಾಯಿ ತೆರೆದ.

“ಇವ್ನಿಗಾ ಕಾಯಿಲೆ?” ಎಂದಳು ಗ್ಲೆನಿಸ್. “ಇವ್ನಿಗೆ ನೆಗಡಿ ಬಂದಿದ್ದೂ ನಾನು ಕಾಣೆ. ನಮ್ಮನೇಲಿ ಕಾಯಿಲೆ ಇಲಾಖೆ ನಂದು.”

“ಹಾಗಾದ್ರೆ ಈ ಫಾರಂ?”

“ತಪ್ಪು ಫಾರಂ ಕಳ್ಸಿರ್ತಾರೆ. ಇವ್ನು ಫೋನ್ ಮಾಡಿ ಕೇಳಿರ್ತಾನೆ, ತತ್ವಕ್ಕೆ ಕೆಲ್ಸ ಬಿಟ್ಟೋರಿಗೆ ಏನಾದ್ರೂ ಕೊಡ್ತೀರಾ ಅಂತ. ಅವ್ರ ಹತ್ರ ತತ್ವದ ಫಾರಂ ಎಲ್ಲಿರತ್ತೆ? ಇದ್ದಿದ್ದನ್ನ ಕಳ್ಸಿದಾರೆ.”

ನುಸ್ರತ್ ನಕ್ಕಳು. “ತತ್ವಕ್ಕೆ ವಿಮೆ ಇಲ್ಲ ಬಿಡಿ ಮೇಡಂ.”

“ಇಲ್ಲ,” ಎಂದಳು ಗ್ಲೆನಿಸ್. ಅವಳು ಗಂಡನ ಕಡೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು, ಸಣ್ಣ ಅಕ್ಷರ ಓದುವವರಂತೆ ಕಣ್ಣು ಕಿರಿದು ಮಾಡಿಕೊಂಡು. “ನವೆಂಬರ್ ನಾಲ್ಕು. ಆಗ ಫ್ಯಾಕ್ಟರೀಲಿ ನನಗಿನ್ನೂ ಮೂರನೇ ವಾರ.”

“ಏನಂದ್ರಿ ಮೇಡಂ?”

“ಏನಿಲ್ಲ ಕಂದಾ. ನೀನು ಬರ್ಕೋ.”

ಕ್ಲೈವ್ ಅವಳ ಮುಖದ ಪಕ್ಕವನ್ನು ನೋಡಿದ. ನಂಬಿದ್ದಾಳೆಯೇ? ಕ್ಷಮಿಸಿದ್ದಾಳೆಯೇ? ಇಲ್ಲ, ಬಾಗಿಲು ಹಾಕಿ ಅಗುಳಿ ಜಡಿದುಕೊಂಡಳೇ? ಮೂರಕ್ಕೂ ಇದೇ ಮುಖವಾಗಬಹುದಿತ್ತು. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದ ಹೆಂಗಸಿನ ಮುಖದಲ್ಲಿ ಅವನಿಗೆ ಏನೂ ತಿಳಿಯಲಿಲ್ಲ. ಅವನಿಗೆ ಭಯವಾಯಿತು.

“ಸರ್, ನಿಮ್ಮ ಬಾಯಿಂದ್ಲೇ ಹೇಳ್ಬೇಕು. ರೂಲ್ಸು ಹಾಗಿದೆ.”

“ಹೌದು.”

“ಏನು ಹೌದು ಸರ್?”

“ಅವಳು ಹೇಳಿದ್ದು.”

“ಪೂರ್ತಿ ಹೇಳಿ ಸರ್, ಪ್ಲೀಸ್.”

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.

“ತತ್ವಕ್ಕಾಗಿ ಕೆಲಸ ಬಿಟ್ಟೆ,” ಎಂದ ಕ್ಲೈವ್. ಅವನಿಗೇ ಆಶ್ಚರ್ಯವಾಯಿತು. ಈ ಮಾತನ್ನು ಪತ್ರಿಕೆ ಹೇಳಿತ್ತು, ಗ್ಲೆನಿಸ್ ಹೇಳಿದ್ದಳು, ಬನ್ನಿನ ಲೈನು ಹೇಳಿತ್ತು. ಬಾಯಿ ಬಿಟ್ಟು ಅವನು ಹೇಳಿದ್ದು ಇದೇ ಮೊದಲು. ದನಿ ಸರಾಗವಾಗಿ ಬಂದಿತ್ತು.

ನುಸ್ರತ್ ಟೈಪ್ ಮಾಡಿದಳು. ಆಮೇಲೆ ಅಂಗೈಯಗಲದ ಒಂದು ಕಪ್ಪು ಗಾಜಿನ ಹಲಗೆಯನ್ನು, ಅದಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಕಡ್ಡಿಯೊಂದಿಗೆ ಅವರ ಮುಂದೆ ಸರಿಸಿದಳು. ಸಾಲ ಇಬ್ಬರ ಹೆಸರಿನಲ್ಲಿತ್ತು, ಇಬ್ಬರೂ ಸಹಿ ಹಾಕಬೇಕು. ಮೇಲೆ ಹೇಳಿದ್ದೆಲ್ಲ ನಾವು ತಿಳಿದ ಮಟ್ಟಿಗೆ ನಿಜ ಎಂದು. ಗ್ಲೆನಿಸ್ ಮೊದಲು ಹಾಕಿದಳು. ಅವಳ ಹೆಸರು ಬಿಳಿಯ ಗೆರೆಗಳಲ್ಲಿ, ದುಂಡಗೆ, ಸ್ಕೂಲಿನಲ್ಲಿ ಕಲಿತ ಹಾಗೇ ಮೂಡಿತು. ನುಸ್ರತ್ ಗುಂಡಿಯೊತ್ತಿ ಅಳಿಸಿ, ಹಲಗೆಯನ್ನು ಕ್ಲೈವ್ ಕಡೆ ತಿರುಗಿಸಿದಳು.

“ಹಾಕು,” ಎಂದಳು ಗ್ಲೆನಿಸ್.

ಅವನು ಕಡ್ಡಿ ಹಿಡಿದು ಹೆಸರು ಬರೆದ. ಗಾಜಿನ ಮೇಲೆ ಏನೂ ಮೂಡಲಿಲ್ಲ.

“ಸ್ವಲ್ಪ ಒತ್ತಿ ಬರೀರಿ ಸರ್.”

ಒತ್ತಿ ಬರೆದ. ಕಡ್ಡಿ ಕಿರ್ರೆಂದಿತು. ಗಾಜು ಕಪ್ಪಾಗಿಯೇ ಇತ್ತು. ತಾನು ಯಾವ ಅಕ್ಷರದಲ್ಲಿದ್ದೇನೆ ಎನ್ನುವುದು ನಡುವೆ ಮರೆತುಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದ.

“ಸಾಕು ಸರ್, ಬಂತು,” ಎಂದಳು ನುಸ್ರತ್, ತನ್ನ ಪರದೆ ನೋಡುತ್ತ. “ಅರ್ಜಿ ಹೋಯ್ತು.”

“ಏನೂ ಕಾಣಿಸ್ತಿಲ್ಲವಲ್ಲ.”

“ಕೆಲವರದ್ದು ಕಾಣ್ಸಲ್ಲ ಸರ್. ತಗೊಂಡಿರತ್ತೆ.”

ಗ್ಲೆನಿಸ್ ಎದ್ದು ನಿಂತಿದ್ದಳು. ಪತ್ರಿಕೆಯ ತುಣುಕನ್ನು ಮೇಜಿನ ಮೇಲೆಯೇ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ, ಒಂದೊಂದೇ ಉಸಿರು ಎಣಿಸಿದ ಹಾಗೆ ನಡೆದು ಬಾಗಿಲ ಕಡೆ ಹೊರಟಳು. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಸಾಲಿನ ಮುಂದಿನವನು ಬಂದು ಅವಳ ಖಾಲಿ ಕುರ್ಚಿಯಲ್ಲಿ ಕೂತು, ತನ್ನ ಬಿಸ್ಕತ್ತಿನ ಡಬ್ಬದ ಮುಚ್ಚಳ ಬಿಚ್ಚತೊಡಗಿದ.

“ಸರ್, ಆಯ್ತು ಸರ್,” ಎಂದಳು ನುಸ್ರತ್ ಮತ್ತೊಮ್ಮೆ, ಮೆಲ್ಲಗೆ.

ಕ್ಲೈವ್ ಬಗ್ಗಿಕೊಂಡು, ಆ ಕಪ್ಪು ಗಾಜಿನ ಮೇಲೆ, ಹೆಸರು ಕಾಣಿಸುವ ತನಕ ಬರೆಯುತ್ತಿದ್ದ.